ನೇತ್ರಾವತಿಯ ಏರನ್ನು ಓದುವವರು

ಆಟಿ ತಿಂಗಳ ಜಡಿಮಳೆ ಹಿಡಿದರೆ ಉಪ್ಪಿನಂಗಡಿ ಪೇಟೆಯಲ್ಲಿ ಕೇಳುವ ಪ್ರಶ್ನೆ ಒಂದೇ: ‘ಇನ್ನೆಷ್ಟು ಮೆಟ್ಟಿಲು ಬಾಕಿ?’ ಸಹಸ್ರಲಿಂಗೇಶ್ವರ ದೇವಸ್ಥಾನದ ಸ್ನಾನಘಟ್ಟದ ಮೆಟ್ಟಿಲುಗಳೇ ಇಲ್ಲಿ ಊರಿನ ಅಳತೆಗೋಲು. ಒಂದು ಕಡೆಯಿಂದ ನೇತ್ರಾವತಿ, ಇನ್ನೊಂದು ಕಡೆಯಿಂದ ಕುಮಾರಧಾರಾ. ಎರಡೂ ಉಕ್ಕಿ ದೇವಸ್ಥಾನದ ಎದುರೇ ಕೂಡಿಕೊಂಡರೆ ಅದು ‘ಸಂಗಮ’. ಊರವರು ಗಂಗಾಪೂಜೆ ಮಾಡುತ್ತಾರೆ, ನೋಡಲು ಜನ ಸೇರುತ್ತಾರೆ. ಅದೇ ಹೊತ್ತಿಗೆ ತಗ್ಗಿನ ಮನೆಗಳವರು ಸಾಮಾನು ಮೇಲೆತ್ತುತ್ತಿರುತ್ತಾರೆ, ಗೃಹರಕ್ಷಕ ದಳದವರು ದೋಣಿ ಸಿದ್ಧ ಇಟ್ಟುಕೊಂಡು ಕಾಯುತ್ತಿರುತ್ತಾರೆ.

ಇದೇ ನೀರಿಗೆ ಸರಕಾರದ ಭಾಷೆಯಲ್ಲಿ ಬೇರೆ ಲೆಕ್ಕವಿದೆ. ಉಪ್ಪಿನಂಗಡಿಯಲ್ಲಿ ಅಪಾಯದ ಮಟ್ಟ 31.5 ಮೀಟರ್, ಕೆಳಗೆ ಬಂಟ್ವಾಳದಲ್ಲಿ 8.5 ಮೀಟರ್. ಪತ್ರಿಕೆಯಲ್ಲಿ ಈ ಎರಡು ಅಂಕಿಗಳನ್ನು ಒಟ್ಟಿಗೆ ಓದಿದವರು ಉಪ್ಪಿನಂಗಡಿಯಲ್ಲಿ ನದಿ ಅಷ್ಟೊಂದು ಆಳವೇ ಎಂದು ಬೆರಗಾಗುವುದುಂಟು. 31.5 ಎನ್ನುವುದು ನೀರಿನ ಆಳವಲ್ಲ. ನದಿಯ ಮಟ್ಟವನ್ನು ಸಾಮಾನ್ಯವಾಗಿ ಸಮುದ್ರ ಮಟ್ಟದಿಂದ ಎಷ್ಟು ಎತ್ತರ ಎಂದೇ ಬರೆದಿಡುತ್ತಾರೆ. ತಳ ಕೊರೆದರೂ, ಮರಳು ತುಂಬಿದರೂ ಆ ಅಳತೆಯ ಬುಡ ಕದಲುವುದಿಲ್ಲ. ಹಾಗಾಗಿಯೇ ಇಂದಿನ ನೆರೆಯನ್ನು ಹಿಂದಿನ ನೆರೆಯ ಪಕ್ಕದಲ್ಲಿಟ್ಟು ನೋಡಬಹುದು.

ದೇಶದ ನದಿಗಳ ಮಟ್ಟವನ್ನು ಗಮನಿಸುವ ದೊಡ್ಡ ಸಂಸ್ಥೆ ಕೇಂದ್ರ ಜಲ ಆಯೋಗ. 1958ರಲ್ಲಿ ದಿಲ್ಲಿಯ ಹಳೆ ರೈಲ್ವೆ ಸೇತುವೆಯ ಬಳಿ ಯಮುನೆಗೆ ನೆರೆ ಮುನ್ಸೂಚನೆ ಕೊಡುವುದರೊಂದಿಗೆ ಈ ಕೆಲಸ ಶುರುವಾಯಿತು. ನೇತ್ರಾವತಿಯ ಮೇಲೆ ಬಂಟ್ವಾಳದಲ್ಲಿ ಆಯೋಗದ ಮಾಪನ ಕೇಂದ್ರವಿದೆ. ಮಾಪನ ಎಂದರೆ ಮೂಲದಲ್ಲಿ ಬಹಳ ಸರಳ: ದಡದಿಂದ ನೀರಿನವರೆಗೆ ಹಂತಹಂತವಾಗಿ ನೆಟ್ಟ ಕಂಬಗಳು, ಅವುಗಳ ಮೇಲೆ ಸೆಂಟಿಮೀಟರ್ ಗೆರೆ ಹಾಕಿದ ಪಟ್ಟಿ. ನೀರು ಏರಿದಂತೆ ಕೆಳಗಿನ ಕಂಬ ಮುಳುಗುತ್ತದೆ, ಮೇಲಿನದನ್ನು ಓದಬೇಕು. ಬೇಸಿಗೆಯಲ್ಲಿ ದಿನಕ್ಕೆ ಕೆಲವು ಸಲ ನೋಡಿದರೆ ಸಾಕು, ನೆರೆಯ ದಿನಗಳಲ್ಲಿ ಗಂಟೆಗೊಮ್ಮೆ, ರಾತ್ರಿಯೂ. ಟಾರ್ಚ್ ಬೆಳಕಿನಲ್ಲಿ ಕೆಂಪು ನೀರು ಪಟ್ಟಿಗೆ ಅಪ್ಪಳಿಸುತ್ತಿರುವಾಗ ಒಂದೇ ನೋಟಕ್ಕೆ ಅಂಕಿ ಸಿಗುವುದಿಲ್ಲ. ಅಲೆ ಏರಿದಾಗ ಎಲ್ಲಿಗೆ ಮುಟ್ಟಿತು, ಇಳಿದಾಗ ಎಲ್ಲಿ ನಿಂತಿತು ಎಂದು ಕೆಲವು ಸಲ ನೋಡಿ ನಡುವಿನದನ್ನು ಬರೆಯಬೇಕು. ಈಗ ಹಲವೆಡೆ ಸೇತುವೆಗೆ ಕಟ್ಟಿದ ರೇಡಾರ್ ಸಂವೇದಕಗಳು ನೀರನ್ನು ಮುಟ್ಟದೆಯೇ ಮಟ್ಟ ಅಳೆದು ಉಪಗ್ರಹದ ಮೂಲಕ ಕಳಿಸುತ್ತವೆ. ಆದರೂ ಯಂತ್ರದ ಲೆಕ್ಕ ಸರಿಯಿದೆಯೇ ಎಂದು ತಾಳೆ ನೋಡಲು ಪಟ್ಟಿ ಬೇಕು, ಪಟ್ಟಿ ಓದುವ ಕಣ್ಣೂ ಬೇಕು.

ಮಟ್ಟ ಗೊತ್ತಾದರೆ ಅರ್ಧ ಕೆಲಸ ಆದಂತೆ. ಎಷ್ಟು ನೀರು ಹೋಗುತ್ತಿದೆ ಎಂದು ತಿಳಿಯಲು ನದಿಯ ಅಡ್ಡಗಲವನ್ನು ಭಾಗಗಳಾಗಿ ಮಾಡಿ, ಒಂದೊಂದರಲ್ಲೂ ಆಳ ಅಳೆದು, ಪುಟ್ಟ ಬಟ್ಟಲುಗಳ ಚಕ್ರವಿರುವ ವೇಗಮಾಪಕವನ್ನು ಇಳಿಸುತ್ತಾರೆ. ಮೇಲಿನಿಂದ ಆಳದ ಹತ್ತರಲ್ಲಿ ಆರು ಪಾಲು ಕೆಳಗೆ ಸಿಗುವ ವೇಗ ಆ ಭಾಗದ ಸರಾಸರಿಗೆ ಹತ್ತಿರವಿರುತ್ತದೆ. ವೇಗ, ಆಳ, ಅಗಲ ಗುಣಿಸಿ ಎಲ್ಲ ಭಾಗಗಳನ್ನು ಕೂಡಿದರೆ ಹರಿವು. ನೆರೆ ತೀರಾ ಜೋರಾಗಿ ಮರದ ದಿಮ್ಮಿಗಳು ತೇಲಿಬರುವಾಗ ಉಪಕರಣ ಇಳಿಸುವಂತಿಲ್ಲ. ಆಗ ಮೇಲ್ಮೈಯಲ್ಲಿ ತೇಲುವ ವಸ್ತು ಗೊತ್ತಾದ ದೂರವನ್ನು ಎಷ್ಟು ಸೆಕೆಂಡಿನಲ್ಲಿ ದಾಟಿತು ಎಂದು ನೋಡಿ ಅಂದಾಜು ಮಾಡುತ್ತಾರೆ. ಇಂಥ ಅಳತೆಗಳು ವರ್ಷಗಟ್ಟಲೆ ಸೇರಿದ ಮೇಲೆ, ಇಷ್ಟು ಮಟ್ಟಕ್ಕೆ ಇಷ್ಟು ಹರಿವು ಎಂಬ ರೇಖೆ ಸಿದ್ಧವಾಗುತ್ತದೆ.

ನೇತ್ರಾವತಿಯಲ್ಲಿ ಇಷ್ಟೆಲ್ಲ ಅವಸರ ಏಕೆ? ನದಿಯ ಒಟ್ಟು ಉದ್ದ ನೂರು ಕಿಲೋಮೀಟರಿನ ಆಸುಪಾಸು ಅಷ್ಟೆ. ಕುದುರೆಮುಖದ ಸಾಲಿನಲ್ಲಿ ಹುಟ್ಟಿ, ಘಟ್ಟದಿಂದ ಧುಮುಕಿ, ಚಾರ್ಮಾಡಿ, ಶಿಶಿಲ, ಗುಂಡ್ಯದ ಕಡೆಯ ಹೊಳೆಗಳನ್ನು ಒಂದೊಂದಾಗಿ ಕೂಡಿಸಿಕೊಂಡು ಸಮುದ್ರಕ್ಕೆ ಬಂದುಬಿಡುತ್ತದೆ. ಕುಮಾರಧಾರೆಯೂ 1,712 ಮೀಟರ್ ಎತ್ತರದ ಕುಮಾರಪರ್ವತದ ಕಡೆಯಿಂದ ಇಳಿದು ಬರುವ ನದಿ. ಬಯಲಿನ ದೊಡ್ಡ ನದಿಗಳಲ್ಲಿ ಮೇಲಿನ ನೀರು ಕೆಳಗಿನ ಊರಿಗೆ ಬರಲು ದಿನಗಳೇ ಹಿಡಿಯುತ್ತವೆ, ಇಲ್ಲಿ ಗಂಟೆಗಳು. ಸಂಜೆ ಘಟ್ಟದಲ್ಲಿ ಸುರಿದದ್ದು ಬೆಳಗಾಗುವುದರೊಳಗೆ ಅಂಗಳದಲ್ಲಿರಬಹುದು. ಆದ್ದರಿಂದ ಈ ನದಿಯಲ್ಲಿ ಮಟ್ಟಕ್ಕಿಂತ ಏರುವ ವೇಗ ಮುಖ್ಯ. ಅಪಾಯದ ಮಟ್ಟಕ್ಕೆ ಎರಡು ಮೀಟರ್ ಕೆಳಗೇ ಇದ್ದರೂ ಗಂಟೆಗೆ ಅರ್ಧ ಮೀಟರಿನಂತೆ ಏರುತ್ತಿದ್ದರೆ ಕೈಯಲ್ಲಿರುವುದು ನಾಲ್ಕು ಗಂಟೆ ಮಾತ್ರ. ಅಂಚಿಗೆ ಮುಟ್ಟಿ ನಿಂತ ನೀರಿಗಿಂತ ಆ ನೀರಿಗೆ ಹೆಚ್ಚು ಹೆದರಬೇಕು.

ಇಷ್ಟು ಚಿಕ್ಕ ನದಿಯಲ್ಲಿ ನೀರು ಏರುವುದನ್ನು ಕಂಡಮೇಲೆ ಎಚ್ಚರಿಸಿದರೆ ತಡವಾಗುತ್ತದೆ, ಮಳೆಯನ್ನೇ ಹಿಡಿಯಬೇಕು. ಬರವನ್ನು ಗಮನಿಸಲೆಂದು 1988ರಲ್ಲಿ ಹುಟ್ಟಿದ ಘಟಕವೊಂದು ಬೆಳೆದು ಇಂದು ಯಲಹಂಕದಲ್ಲಿ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿದೆ. ಗ್ರಾಮ ಪಂಚಾಯಿತಿ ಮಟ್ಟದವರೆಗೆ ಹಬ್ಬಿದ ಅದರ 6,000ಕ್ಕೂ ಹೆಚ್ಚು ಸ್ವಯಂಚಾಲಿತ ಮಳೆಮಾಪಕಗಳು 15 ನಿಮಿಷಕ್ಕೊಮ್ಮೆ ಲೆಕ್ಕ ಕಳಿಸುವಂಥವು. ನಮ್ಮ ರಾಜ್ಯ ನಿಜಕ್ಕೂ ಹೆಮ್ಮೆಪಡಬಹುದಾದ ಜಾಲವಿದು.

ಆದರೂ ಮಾಪಕಕ್ಕೆ ಕಾಣದ ಸಂಗತಿಗಳಿವೆ. 2019ರ ಆಗಸ್ಟ್‌ನಲ್ಲಿ ಚಾರ್ಮಾಡಿಯ ಸುತ್ತ ಗುಡ್ಡಗಳು ಜರಿದು ಮೃತ್ಯುಂಜಯ ಹೊಳೆ ಮಣ್ಣು, ಬಂಡೆ, ಬುಡಸಮೇತ ಮರಗಳನ್ನು ಹೊತ್ತುಕೊಂಡೇ ಇಳಿಯಿತು. ಸೇತುವೆಗಳಿಗೆ ದಿಮ್ಮಿಗಳು ಸಿಕ್ಕಿಕೊಂಡವು, ಕೊಳಂಬೆಯಂಥ ಕಡೆ ತೋಟ, ಮನೆಗಳ ಮೇಲೆ ಮರಳು ಬಿತ್ತು. ಘಟ್ಟದ ಬುಡದಲ್ಲಿರುವವರು ತಿಳಿದಿರಲೇಬೇಕಾದ ಲಕ್ಷಣವೊಂದಿದೆ: ಮಳೆ ಬಿಡದೆ ಸುರಿಯುತ್ತಿರುವಾಗ ಹೊಳೆ ಇದ್ದಕ್ಕಿದ್ದಂತೆ ಇಳಿದರೆ ನಿಟ್ಟುಸಿರು ಬಿಡಬಾರದು. ಮೇಲೆಲ್ಲೋ ಗುಡ್ಡ ಕುಸಿದು ನೀರನ್ನು ತಡೆದಿರಬಹುದು, ಆ ತಡೆ ಒಡೆದರೆ ಬರುವ ನೀರಿಗೆ ಯಾವ ಪಟ್ಟಿಯೂ ಸಾಲದು. ಕೂಡಲೇ ಎತ್ತರಕ್ಕೆ ಹೋಗಬೇಕು, ಮೇಲಿನ ಮನೆಗಳಿಗೆ ಫೋನ್ ಮಾಡಬೇಕು.

1923 ಮತ್ತು 1974ರ ನೆರೆಗಳನ್ನು ಬಂಟ್ವಾಳ, ಪಾಣೆಮಂಗಳೂರಿನ ಮನೆಗಳಲ್ಲಿ ‘ಮಾರಿಬೊಳ್ಳ’ ಎಂದು ಈಗಲೂ ನೆನೆಯುತ್ತಾರೆ. ನೀರು ಯಾರ ಮನೆಯ ಯಾವ ಹೊಸ್ತಿಲಿಗೆ ಬಂತು ಎಂಬುದು ಆ ನೆನಪಿನಲ್ಲಿದೆ. ಕಚೇರಿಯ ಲೆಕ್ಕಕ್ಕೂ ಇದಕ್ಕೂ ಸಂಪರ್ಕ ಕಡಿಮೆ ಎಂಬುದೇ ನನ್ನ ಬೇಸರ. ‘8.5 ಮೀಟರ್’ ಎಂಬ ಎಚ್ಚರಿಕೆ ಕೇಳಿದ ಮನೆಯವರಿಗೆ ತಮ್ಮ ಅಂಗಳ ಎಷ್ಟನೇ ಮೀಟರಿನಲ್ಲಿದೆ ಎಂದು ಗೊತ್ತಿರಬೇಕಲ್ಲ? ಲೆವೆಲ್ ಉಪಕರಣ ಹಿಡಿದು ತಗ್ಗಿನ ಬೀದಿಗಳ ವಿದ್ಯುತ್ ಕಂಬಗಳಿಗೆ ಅಳತೆಯ ಗೆರೆ ಎಳೆಯುವುದು ದುಬಾರಿ ಕೆಲಸವೇನಲ್ಲ. ಉಪ್ಪಿನಂಗಡಿಯ ಒಂದೊಂದು ಮೆಟ್ಟಿಲಿಗೂ ಅದರ ಮೀಟರ್ ಬರೆದಿಡಬಹುದು.

ಮಳೆ ಹೋದ ಮೇಲೂ ಮಾಪನದವರಿಗೆ ಕೆಲಸ ಮುಗಿಯುವುದಿಲ್ಲ. ದಡದ ಮರಗಳಲ್ಲಿ ಸಿಕ್ಕಿಕೊಂಡ ಕಸ, ಗೋಡೆಯ ಮೇಲಿನ ಕೆಸರಿನ ಗೆರೆ ನೋಡಿ ಗರಿಷ್ಠ ಮಟ್ಟವನ್ನು ಖಚಿತ ಮಾಡಿಕೊಳ್ಳಬೇಕು. ಒಂದೇ ನೆರೆ ತಳದ ಮರಳನ್ನು ಒಯ್ದಿರಬಹುದು, ಇಲ್ಲವೇ ತಂದು ಸುರಿದಿರಬಹುದು. ಆಗ ಹಳೆಯ ಮಟ್ಟ-ಹರಿವಿನ ರೇಖೆ ಸುಳ್ಳು ಹೇಳತೊಡಗುತ್ತದೆ. ಹಾಗಾಗಿ ನೀರು ತಿಳಿಯಾದ ತಿಂಗಳುಗಳಲ್ಲಿ ಈ ದಡದಿಂದ ಆ ದಡಕ್ಕೆ ತಳದ ಆಳವನ್ನು ಮತ್ತೆ ಅಳೆದು, ವಾಲಿದ ಕಂಬಗಳನ್ನು ನೇರ ಮಾಡಿ, ಮಾಸಿದ ಅಂಕಿಗಳಿಗೆ ಬಣ್ಣ ಬಳಿದು, ಜೂನ್‌ಗೆ ಮೊದಲೇ ಎಲ್ಲವನ್ನೂ ಸರಿಮಾಡಿ ಇಟ್ಟುಕೊಳ್ಳಬೇಕು.