ಎಪ್ಪತ್ತು ದಿನ ಓಡಿದ 'ರಾಜಕುಮಾರಿ'!

ಡೈಲಾಗ್ ಬರೆದುಕೊಟ್ಟವರಿಲ್ಲ. ಡೈರೆಕ್ಟರ್ ಇಲ್ಲ. ರೀಟೇಕ್ ಅಂತೂ ಇಲ್ಲವೇ ಇಲ್ಲ. ಆದರೂ ಒಬ್ಬ ಹುಡುಗಿ ಹತ್ತು ವಾರ ಹಗಲೂ ರಾತ್ರಿ ರಾಜಕುಮಾರಿಯ ಪಾತ್ರ ಮಾಡಿ ದೊಡ್ಡ ದೊಡ್ಡವರನ್ನೇ ಬೇಸ್ತು ಬೀಳಿಸಿದಳು! ಐವತ್ತು ದಿನದ ಪೋಸ್ಟರ್ ಕಾಣದ ಚಿತ್ರಗಳು ಎಷ್ಟಿಲ್ಲ? ಇವಳದ್ದು ಎಪ್ಪತ್ತು ದಿನ ಓಡಿತು ನೋಡಿ!

ಈ ಕಥೆ ನಾನು ಮೊದಲು ಕಂಡದ್ದು ತೆರೆಯ ಮೇಲೆ, 1994ರ 'ಪ್ರಿನ್ಸೆಸ್ ಕ್ಯಾರಬೂ' ಎಂಬ ಇಂಗ್ಲಿಷ್ ಚಿತ್ರದಲ್ಲಿ. ನಾಯಕಿ ಫೀಬಿ ಕೇಟ್ಸ್. ಬಟ್ಲರನ ಪಾತ್ರದಲ್ಲಿ ಕೆವಿನ್ ಕ್ಲೈನ್. ನಿಜಜೀವನದಲ್ಲಿ ಆಕೆಯ ಪತಿರಾಯ! ಎಲ್ಲಾ ಕಟ್ಟುಕಥೆ ಎಂದುಕೊಂಡೇ ನೋಡಿದ್ದೆ. ಆಮೇಲೆ ಇತಿಹಾಸ ಕೆದಕಿದರೆ... ಸಿನಿಮಾಕ್ಕಿಂತ ನಿಜವೇ ರೋಚಕ ಕಣ್ರೀ!

1817ರ ಏಪ್ರಿಲ್ 3. ಇಂಗ್ಲೆಂಡಿನ ಬ್ರಿಸ್ಟಲ್ ಬಳಿಯ ಆಲ್ಮಂಡ್ಸ್‌ಬರಿ ಹಳ್ಳಿ. ತಲೆಗೆ ಕರಿ ರುಮಾಲು ಸುತ್ತಿಕೊಂಡ ಚೆಲುವೆಯೊಬ್ಬಳು, ಬೂಟು ಹೊಲಿಯುವವನೊಬ್ಬನ ಕಣ್ಣಿಗೆ ಬಿದ್ದಳು. ಅವಳ ಮಾತು ಒಂದಕ್ಷರವೂ ಯಾರಿಗೂ ತಿಳಿಯದು. ಸಂಗತಿ ಮ್ಯಾಜಿಸ್ಟ್ರೇಟ್ ಸ್ಯಾಮ್ಯುಯೆಲ್ ವೊರಾಲ್ ಬಂಗಲೆಗೆ ಮುಟ್ಟಿತು. ರಾತ್ರಿ ಊರಿನ ಛತ್ರದಲ್ಲಿ ಉಳಿಸಿದರೆ, ಮಂಚ ಬಿಟ್ಟು ನೆಲದ ಮೇಲೆ ಮಲಗಲು ಹೊರಟಳು. ಅಲ್ಲಿದ್ದ ಹಣ್ಣಿನ ಚಿತ್ರವೊಂದನ್ನು ತೋರಿಸಿ 'ಅನಾನಸ್' ಅಂದಳು. ಹೌದು, ತಳ್ಳುಗಾಡಿ ಮುಂದೆ ನಿಂತು ನಾವು ನೀವು ಕೇಳುವ ಅದೇ ಅನಾನಸ್! ಇಂಗ್ಲಿಷರ ಬಾಯಲ್ಲಿ ಅದು ಪೈನಾಪಲ್. ಹಾಗಾದರೆ ಇವಳು ದೂರದೇಶದವಳೇ ಸೈ!

ಅಷ್ಟರಲ್ಲಿ ಪೋರ್ಚುಗೀಸ್ ನಾವಿಕನೊಬ್ಬ ಬಂದು, ಇವಳ ಭಾಷೆ ನನಗೆ ಗೊತ್ತು ಅಂದ. ಹಿಂದೂ ಮಹಾಸಾಗರದ ಜವಾಸು ದ್ವೀಪದ ರಾಜಕುಮಾರಿ ಕ್ಯಾರಬೂ, ಕಡಲ್ಗಳ್ಳರು ಹೊತ್ತೊಯ್ದರು, ಹಡಗಿನಿಂದ ಹಾರಿ ಈಜಿ ದಡ ಸೇರಿದಳು, ಅಂತ ಬಿಡಿಸಿ ಹೇಳಿದ. ಅಂಥ ದ್ವೀಪವೂ ಇಲ್ಲ, ಅಂಥ ಭಾಷೆಯೂ ಇಲ್ಲ!

ಮತ್ತೇನು, ರಾಜೋಪಚಾರ! ಅವಳು ಬಿಲ್ಲು ಹೂಡಿದಳು, ಕತ್ತಿ ಬೀಸಿದಳು, 'ಅಲ್ಲಾ ತಲ್ಲಾ' ಎಂದು ಪ್ರಾರ್ಥಿಸಿದಳು. ಕಲಾವಿದ ಎಡ್ವರ್ಡ್ ಬರ್ಡ್ ಅವಳ ಚಿತ್ರ ಬರೆದ. ಪತ್ರಿಕೆಗಳಲ್ಲಿ ಅವಳದೇ ಸುದ್ದಿ. ಆ ಸುದ್ದಿಯೇ ಮುಳುವಾಯಿತು! ಬ್ರಿಸ್ಟಲ್‌ನಲ್ಲಿ ಬಾಡಿಗೆ ಕೋಣೆ ಕೊಡುತ್ತಿದ್ದ ಮಿಸೆಸ್ ನೀಲ್ ಎಂಬಾಕೆ ಅದನ್ನೋದಿ, "ಇವಳು ನನ್ನ ಮನೇಲಿದ್ದೋಳು" ಅಂದಳು. ಆ ಮನೆಯ ಹುಡುಗಿಯರನ್ನು ನಗಿಸಲು ಇವಳು ಇದೇ ಸುಳ್ಳು ಭಾಷೆ ಆಡುತ್ತಿದ್ದಳಂತೆ!

ಮುಖವಾಡ ಕಳಚಿತು. ನಿಜ ಹೆಸರು ಮೇರಿ ಬೇಕರ್. ವಯಸ್ಸು 25. ಡೆವನ್ ಸೀಮೆಯ ವಿದರಿಜ್ ಹಳ್ಳಿಯವಳು, ಬೂಟು ಹೊಲಿಯುವವನ ಮಗಳು. ಮನೆಗೆಲಸ ಮಾಡಿ, ಕೆಲಸ ತಪ್ಪಿ, ಭಿಕ್ಷೆ ಬೇಡಿ ಅಲೆದವಳು.

ಇಲ್ಲೇ ನನ್ನ ಕರುಳು ಚುರುಕ್ ಎಂದದ್ದು. ಅದೇ ಮೇರಿ ಅದೇ ಬಂಗಲೆ ಮುಂದೆ ನಿಂತು, "ಹಸಿವಾಗಿದೆ ಅಮ್ಮಾ" ಎಂದು ಇಂಗ್ಲಿಷಿನಲ್ಲೇ ಕೇಳಿದ್ದರೆ ಯಾರಾದರೂ ಚಿತ್ರ ಬರೆಯುತ್ತಿದ್ದರೇ? ಮೋಸ ಅವಳದ್ದೇ, ಒಪ್ಪಿದೆ. ಆದರೆ ಬಡವಿಗೆ ಸಿಗದ ಅನ್ನ ರಾಜಕುಮಾರಿಗೆ ಸಿಕ್ಕಿತಲ್ಲ, ಅದು ಯಾರ ತಪ್ಪು ಸ್ವಾಮಿ?

ಮಿಸೆಸ್ ವೊರಾಲ್ ದೊಡ್ಡ ಮನಸ್ಸಿನ ಹೆಂಗಸು. ಜೈಲಿಗೆ ತಳ್ಳಿಸದೆ, ಅಮೆರಿಕದ ಫಿಲಡೆಲ್ಫಿಯಾಕ್ಕೆ ಹಡಗು ಹತ್ತಿಸಿದಳು. 1824ರಲ್ಲಿ ಮರಳಿದ ಮೇರಿ ಲಂಡನ್ನಿನಲ್ಲಿ ಮತ್ತೆ ಕ್ಯಾರಬೂ ಆಗಿ ಟಿಕೆಟ್ ಪ್ರದರ್ಶನಕ್ಕೆ ನಿಂತಳು. ಫ್ಲಾಪ್! ಗುಟ್ಟು ಗೊತ್ತಾದ ಕಥೆಗೆ ಕಾಸು ಕೊಡುವವರಾರು? ಕೊನೆಗೆ ಬ್ರಿಸ್ಟಲ್ ಸೇರಿ, ಆಸ್ಪತ್ರೆಗೆ ಜಿಗಣೆ ಮಾರಿ ಬದುಕಿದಳು. 1864ರಲ್ಲಿ ತೀರಿಕೊಂಡಳು.

ಸಿನಿಮಾದವರು ಪತ್ರಕರ್ತನೊಬ್ಬನನ್ನು ತಂದು ಪ್ರೇಮಕಥೆ ಹೆಣೆದರು. ಜಿಗಣೆ ಬುಟ್ಟಿಯನ್ನು ಬಿಟ್ಟರು. ನನ್ನನ್ನು ಕೇಳಿದರೆ, ಬಿಲ್ಲು ಹಿಡಿದ ಕ್ಯಾರಬೂಗಿಂತ ಜಿಗಣೆ ಮಾರಿ ಹೊಟ್ಟೆ ಹೊರೆದ ಮೇರಿಯೇ ನಿಜವಾದ ಹೀರೋಯಿನ್. ನೀವೇನಂತೀರಿ?