ಕಾರಿನ ಟೈಮಿಂಗ್ ಬೆಲ್ಟ್ ಮತ್ತು ಸೀಲು: ಮನೆಯಂಗಳದಲ್ಲೇ ಬದಲಿಸುವ ಬಗೆ



ಹಿಟ್ಟಿನ ಗಿರಣಿಯ ಪಟ್ಟಾ ಹರಿದರೆ ಏನಾಗುತ್ತದೆ? ಗಿರಣಿ ನಿಲ್ಲುತ್ತದೆ, ಅಷ್ಟೇ. ಹೊಸ ಪಟ್ಟಾ ಹಾಕಿದರೆ ಮತ್ತೆ ತಿರುಗುತ್ತದೆ. ಆದರೆ ನಿಮ್ಮ ಕಾರಿನ ಎಂಜಿನ್ನಿನ ಒಂದು ಬದಿಯಲ್ಲಿ, ಮುಚ್ಚಳದ ಒಳಗೆ ಅಡಗಿರುವ ಹಲ್ಲಿನ ಪಟ್ಟಾ, ಅಂದರೆ ಟೈಮಿಂಗ್ ಬೆಲ್ಟ್, ಹರಿದರೆ ಕಥೆ ಅಲ್ಲಿಗೇ ಮುಗಿಯುವುದಿಲ್ಲ. ಗಾಡಿ ನಡುರಸ್ತೆಯಲ್ಲಿ ನಿಲ್ಲುವುದರ ಜೊತೆಗೆ, ಅನೇಕ ಎಂಜಿನ್ನುಗಳಲ್ಲಿ ವಾಲ್ವುಗಳು ಪಿಸ್ಟನ್ನಿಗೆ ಬಡಿದು ಬಾಗುತ್ತವೆ. ಬೆಲ್ಟಿನ ಖರ್ಚಿನಲ್ಲಿ ಮುಗಿಯಬೇಕಾದದ್ದು ಎಂಜಿನ್ ಬಿಚ್ಚುವ ಖರ್ಚಾಗುತ್ತದೆ. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಹಿಡಿದ ಹಾಗೆ!

ಮೂಡಲಗಿಯಿಂದಲೋ ಹುಕ್ಕೇರಿಯ ಹಳ್ಳಿಯೊಂದರಿಂದಲೋ ರಾತ್ರಿ ಹೊತ್ತು ರೋಗಿಯನ್ನು ಬೆಳಗಾವಿಗೆ ಕರೆದೊಯ್ಯುವಾಗ ಇದು ನಡೆದರೆ ಏನು ಗತಿ, ಯೋಚಿಸಿ. ಬೆಲ್ಟು ಹರಿಯುವ ಮುನ್ನ ಸಾಮಾನ್ಯವಾಗಿ ಸದ್ದು ಮಾಡಿ ಹೇಳುವುದಿಲ್ಲ. ಆದ್ದರಿಂದ ಅದು ಹರಿಯುವ ತನಕ ಕಾಯದೆ, ಲೆಕ್ಕ ಇಟ್ಟು ಬದಲಿಸುವುದೇ ಜಾಣತನ.

ಈ ಬೆಲ್ಟಿನ ಕೆಲಸವೇನು?

ಎಂಜಿನ್ನಿನ ಕೆಳಗೆ ಕ್ರ್ಯಾಂಕ್, ಮೇಲೆ ಕ್ಯಾಮ್. ಕ್ರ್ಯಾಂಕ್ ಪಿಸ್ಟನ್ನುಗಳನ್ನು ಏರಿಳಿಸುತ್ತದೆ. ಕ್ಯಾಮ್ ವಾಲ್ವುಗಳನ್ನು ತೆರೆಯುತ್ತದೆ. ಕ್ರ್ಯಾಂಕ್ ಎರಡು ಸುತ್ತು ತಿರುಗಿದಾಗ ಕ್ಯಾಮ್ ಸರಿಯಾಗಿ ಒಂದೇ ಸುತ್ತು ತಿರುಗಬೇಕು. ಈ ತಾಳ ತಪ್ಪಬಾರದೆಂದೇ ಬೆಲ್ಟಿಗೆ ಹಲ್ಲುಗಳಿವೆ. ಒಂದು ಹಲ್ಲು ಆಚೀಚೆ ಆದರೂ ಎಂಜಿನ್ ಶಕ್ತಿ ಕಳೆದುಕೊಂಡು ನಡುಗುತ್ತದೆ.

ಅಂಬಾಸಿಡರ್ ಕಾರಿನಲ್ಲಿ ಈ ಕೆಲಸವನ್ನು ಲೋಹದ ಚೈನು ಮಾಡುತ್ತಿತ್ತು. 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದ ಮಾರುತಿ 800, ನಮ್ಮಲ್ಲಿ ಅನೇಕರಿಗೆ ರಬ್ಬರಿನ ಟೈಮಿಂಗ್ ಬೆಲ್ಟಿನ ಪರಿಚಯ ಮಾಡಿಸಿತು. 2014ರಲ್ಲಿ ಅದರ ತಯಾರಿಕೆ ನಿಂತಿತಾದರೂ, ಮೂರು ಸಿಲಿಂಡರಿನ ಆ ಪುಟ್ಟ ಪೆಟ್ರೋಲ್ ಎಂಜಿನ್ ಮನೆಯಲ್ಲಿ ಕೆಲಸ ಕಲಿಯುವವರಿಗೆ ಇಂದಿಗೂ ಒಳ್ಳೆಯ ಪಾಠಶಾಲೆ. ಈಚಿನ ಹಲವು ಕಾರುಗಳಲ್ಲಿ ಮತ್ತೆ ಚೈನು ಬಂದಿದೆ. ನಿಮ್ಮ ಗಾಡಿಯಲ್ಲಿ ಬೆಲ್ಟೋ ಚೈನೋ, ಮೊದಲು ಕೈಪಿಡಿಯಲ್ಲಿ ನೋಡಿಕೊಳ್ಳಿ.

ಯಾವಾಗ ಬದಲಿಸಬೇಕು?

ಕೈಪಿಡಿಯಲ್ಲಿ ಕಿಲೋಮೀಟರೂ ವರ್ಷವೂ ಕೊಟ್ಟಿದ್ದರೆ, ಯಾವುದು ಮೊದಲು ಬರುತ್ತದೋ ಅದನ್ನೇ ಹಿಡಿಯಿರಿ. 'ನಮ್ಮ ಗಾಡಿ ಮದುವೆ, ಜಾತ್ರೆಗಷ್ಟೇ ಹೊರಗೆ ಬರುತ್ತದೆ, ಓಡಿದ್ದೇ ಕಡಿಮೆ' ಎಂದು ಸಮಾಧಾನ ಪಡಬೇಡಿ. ನಿಂತಲ್ಲೇ ನಿಂತರೂ ರಬ್ಬರಿಗೆ ವಯಸ್ಸಾಗುತ್ತದೆ.

ನಮ್ಮ ಭಾಗಕ್ಕೆ ಇನ್ನೊಂದು ಮಾತು. 2019ರ ಆಗಸ್ಟಿನಲ್ಲಿ ಘಟಪ್ರಭೆ ಉಕ್ಕಿ ಗೋಕಾಕದ ಮನೆಗಳಿಗೆ ನೀರು ನುಗ್ಗಿದ್ದನ್ನು ಯಾರೂ ಮರೆತಿಲ್ಲ. ನೆರೆಯಲ್ಲಿ ಮುಳುಗಿದ ಗಾಡಿಯ ಬೆಲ್ಟಿನ ಮುಚ್ಚಳದೊಳಗೆ ಕೆಸರು ಸೇರಬಹುದು. ಟೆನ್ಶನರಿನ ಬೇರಿಂಗ್ ತುಕ್ಕು ಹಿಡಿಯಬಹುದು. ಅಂಥ ಗಾಡಿಯ ಬೆಲ್ಟನ್ನು, ಓಡಿದ ಕಿಲೋಮೀಟರ್ ಎಷ್ಟೇ ಇರಲಿ, ಬಿಚ್ಚಿ ನೋಡಲೇಬೇಕು. ಹಳೆಯ ಗಾಡಿ ಕೊಳ್ಳುವವರೂ ಈ ಪ್ರಶ್ನೆ ಕೇಳುವುದನ್ನು ಮರೆಯಬಾರದು.

ಸೀಲು ಏಕೆ ಜೊತೆಗೇ?

ಕ್ರ್ಯಾಂಕ್ ಮತ್ತು ಕ್ಯಾಮಿನ ತುದಿಗಳಲ್ಲಿ ಎಣ್ಣೆ ಹೊರಬಾರದಂತೆ ತಡೆಯುವ ರಬ್ಬರ್ ಉಂಗುರಗಳೇ ಆಯಿಲ್ ಸೀಲುಗಳು. ಇವು ಗಟ್ಟಿಯಾಗಿ ಸೋರತೊಡಗಿದರೆ ಎಣ್ಣೆ ನೇರವಾಗಿ ಬೆಲ್ಟಿನ ಮೇಲೆ ಬೀಳುತ್ತದೆ. ಎಣ್ಣೆ ಕುಡಿದ ಬೆಲ್ಟು ಹೆಚ್ಚು ದಿನ ಬಾಳುವುದಿಲ್ಲ. ಸೀಲಿನ ಬೆಲೆ ಕಡಿಮೆ, ಅಲ್ಲಿಗೆ ಕೈ ತಲುಪಿಸುವ ಶ್ರಮವೇ ಹೆಚ್ಚು. ಬೆಲ್ಟು ಬಿಚ್ಚಿದಾಗಲೇ ಸೀಲುಗಳನ್ನೂ ಟೆನ್ಶನರನ್ನೂ ಬದಲಿಸಿಬಿಡಿ. ನೀರಿನ ಪಂಪನ್ನು ಇದೇ ಬೆಲ್ಟು ತಿರುಗಿಸುತ್ತಿದ್ದರೆ ಅದನ್ನೂ ಪರೀಕ್ಷಿಸಿ. ಸಾಮಾನು ಕೊಳ್ಳುವಾಗ ಚಾಸಿಸ್ ನಂಬರು ಹೇಳಿ, ಪೊಟ್ಟಣ ಒಡೆಯದ ಅಸಲಿ ಮಾಲನ್ನೇ ಕೇಳಿ.

ಕೆಲಸದ ಕ್ರಮ

1. ಸಮತಟ್ಟಾದ ನೆಲದಲ್ಲಿ ಗಾಡಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ಗಾಲಿಗಳಿಗೆ ಅಡ್ಡಗಲ್ಲು ಕೊಡಿ. ಎಂಜಿನ್ ಪೂರ್ತಿ ತಣ್ಣಗಾಗಲಿ. ಬ್ಯಾಟರಿಯ ಮೈನಸ್ ತಂತಿ ಕಳಚಿ. ಬರಿಯ ಜ್ಯಾಕನ್ನು ನಂಬಿ ಗಾಡಿಯ ಅಡಿಗೆ ಹೋಗಲೇಬೇಡಿ, ಸ್ಟ್ಯಾಂಡ್ ಇರಲೇಬೇಕು.

2. ಸ್ಪಾರ್ಕ್ ಪ್ಲಗ್‌ಗಳನ್ನು ತೆಗೆದರೆ ಎಂಜಿನ್ ಕೈಯಿಂದ ಹಗುರವಾಗಿ ತಿರುಗುತ್ತದೆ. ಹೊರಗಿನ ಫ್ಯಾನ್ ಬೆಲ್ಟು, ಕ್ರ್ಯಾಂಕ್ ಪುಲ್ಲಿ, ಮುಚ್ಚಳ ಬಿಚ್ಚಿ. ಪುಲ್ಲಿಯ ಬೋಲ್ಟು ಬಹಳ ಬಿಗಿ ಇರುತ್ತದೆ. ಅದನ್ನು ಸಡಿಲಿಸಲು ಸ್ಟಾರ್ಟರ್ ಒತ್ತುವ ಅಡ್ಡದಾರಿ ಬೇಡ.

3. ಇದು ಎಲ್ಲಕ್ಕಿಂತ ಮುಖ್ಯ. ಎಂಜಿನ್ ತಿರುಗುವ ದಿಕ್ಕಿನಲ್ಲೇ ಕ್ರ್ಯಾಂಕನ್ನು ಪಾನಾದಿಂದ ತಿರುಗಿಸಿ, ಕ್ಯಾಮ್ ಮತ್ತು ಕ್ರ್ಯಾಂಕ್ ಪುಲ್ಲಿಗಳ ಗುರುತುಗಳನ್ನು ಎಂಜಿನ್ ಮೇಲಿನ ಗುರುತುಗಳಿಗೆ ಸರಿಹೊಂದಿಸಿ. ಬಿಳಿ ಬಣ್ಣದಿಂದ ನಿಮ್ಮದೇ ಗುರುತನ್ನೂ ಹಾಕಿಕೊಳ್ಳಿ. ಅನಂತರವೇ ಟೆನ್ಶನರ್ ಸಡಿಲಿಸಿ ಬೆಲ್ಟು ತೆಗೆಯಿರಿ. ಬೆಲ್ಟು ಇಲ್ಲದಾಗ ಕ್ಯಾಮನ್ನಾಗಲಿ ಕ್ರ್ಯಾಂಕನ್ನಾಗಲಿ ಬೇರೆಬೇರೆಯಾಗಿ ತಿರುಗಿಸಬಾರದು. ಕ್ಯಾಮ್ ಪುಲ್ಲಿಯ ಬೋಲ್ಟು ಬಿಚ್ಚುವಾಗ ಪುಲ್ಲಿ ಅಲುಗದಂತೆ ಹಿಡಿಯುವ ಸಾಧನ ಬಳಸಿ.

4. ಪುಲ್ಲಿಗಳನ್ನು ಹೊರತೆಗೆಯುವಾಗ ಒಳಗಿನ ಪುಟ್ಟ ಲೋಹದ ಕೀಲಿ ಜೋಪಾನ. ಹಳೆಯ ಸೀಲು ಎಷ್ಟು ಆಳದಲ್ಲಿದೆ, ಯಾವ ಮುಖ ಒಳಗಿದೆ ಎಂದು ನೋಡಿಕೊಳ್ಳಿ. ಸ್ಕ್ರೂಡ್ರೈವರಿನ ತುದಿಗೆ ಟೇಪು ಸುತ್ತಿ ಮೆಲ್ಲಗೆ ಎಬ್ಬಿಸಿ. ಶಾಫ್ಟಿನ ಮೇಲೆ ಒಂದು ಗೀರು ಬಿದ್ದರೂ ಹೊಸ ಸೀಲು ಸೋರಬಹುದು.

5. ಹೊಸ ಸೀಲಿನ ತುಟಿಗೆ ತುಸು ಎಂಜಿನ್ ಆಯಿಲ್ ಸವರಿ, ಸ್ಪ್ರಿಂಗ್ ಇರುವ ಮುಖ ಒಳಕ್ಕೆ ಬರುವಂತೆ ಇಡಿ. ಅದೇ ಅಳತೆಯ ಪೈಪಿನ ತುಂಡಿನಿಂದ ನಾಲ್ಕೂ ಕಡೆ ಸಮವಾಗಿ ಒತ್ತಿ ಕೂರಿಸಿ. ಆಮೇಲೆ ಸುತ್ತಲಿನ ಎಣ್ಣೆಯನ್ನೆಲ್ಲ ಒರೆಸಿ.

6. ಗುರುತುಗಳು ಹಾಗೆಯೇ ಇವೆಯೇ ನೋಡಿ, ಹೊಸ ಬೆಲ್ಟು ಹಾಕಿ. ಅದನ್ನು ಮಡಚಬೇಡಿ, ತಿರುಚಬೇಡಿ, ಸ್ಕ್ರೂಡ್ರೈವರಿನಿಂದ ಮೀಟಿ ಏರಿಸಬೇಡಿ. ಬಾಣದ ಗುರುತಿದ್ದರೆ ಅದು ಎಂಜಿನ್ ತಿರುಗುವ ದಿಕ್ಕಿಗೇ ಇರಲಿ. ಸಡಿಲವೆಲ್ಲ ಟೆನ್ಶನರಿನ ಬದಿಗೆ ಬರಬೇಕು. ಬಿಗಿತ ಕೈಪಿಡಿಯ ಪ್ರಕಾರವೇ ಇರಲಿ.

7. ಈಗ ಪರೀಕ್ಷೆ. ಕೀಲಿ ಕೊಡುವ ಮುನ್ನ ಕ್ರ್ಯಾಂಕನ್ನು ಕೈಯಿಂದ ಪೂರ್ತಿ ಎರಡು ಸುತ್ತು ತಿರುಗಿಸಿ. ಗುರುತುಗಳು ಮತ್ತೆ ಕೂಡಬೇಕು. ನಡುವೆ ಎಲ್ಲಾದರೂ ತಡೆದರೆ ಬಲ ಹಾಕದೆ ನಿಲ್ಲಿಸಿ. ವಾಲ್ವು ಪಿಸ್ಟನ್ನಿಗೆ ತಾಕಿರಬಹುದು. ಕೈಯಲ್ಲಿ ತಿಳಿದ ತಪ್ಪನ್ನು ತಿದ್ದಬಹುದು, ಸ್ಟಾರ್ಟರ್ ತಿರುಗಿಸಿದ ಮೇಲೆ ತಿಳಿದ ತಪ್ಪು ದುಬಾರಿ.

ಎಲ್ಲ ಸರಿಯಿದ್ದರೆ ಬೋಲ್ಟುಗಳನ್ನು ಟಾರ್ಕ್ ರೆಂಚಿನಿಂದ ಬಿಗಿದು, ಬಿಚ್ಚಿದ್ದೆಲ್ಲವನ್ನೂ ಜೋಡಿಸಿ, ಎಂಜಿನ್ ಚಾಲೂ ಮಾಡಿ, ಸದ್ದು ಆಲಿಸಿ.

ಯಾರು ಮಾಡಬಾರದು?

ಕೈಪಿಡಿ ಇಲ್ಲದವರು, ಟಾರ್ಕ್ ರೆಂಚ್ ಇಲ್ಲದವರು ಈ ಕೆಲಸಕ್ಕೆ ಕೈ ಹಾಕಬೇಡಿ. ಅನೇಕ ಡೀಸೆಲ್ ಎಂಜಿನ್ನುಗಳಲ್ಲಿ ಇಂಧನ ಪಂಪನ್ನೂ ಇದೇ ಬೆಲ್ಟು ತಿರುಗಿಸುತ್ತದೆ. ಅವಕ್ಕೆ ಪುಲ್ಲಿಗಳನ್ನು ಕಟ್ಟಿಹಾಕುವ ವಿಶೇಷ ಪಿನ್ನುಗಳು ಬೇಕಾಗಬಹುದು. ಅಂಥವನ್ನು ಅನುಭವಿ ಮೆಕ್ಯಾನಿಕ್ ಬಳಿ ಒಯ್ಯುವುದೇ ಲೇಸು. ಅದರಲ್ಲಿ ಸಂಕೋಚವೇನೂ ಇಲ್ಲ. ಆದರೆ ಹಳೆಯ ಬೆಲ್ಟು, ಸೀಲುಗಳನ್ನು ಕೇಳಿ ಪಡೆಯಿರಿ, ಎರಡು ಸುತ್ತಿನ ಪರೀಕ್ಷೆ ಆಯಿತೇ ಎಂದು ವಿಚಾರಿಸಿ. ಇಷ್ಟು ತಿಳಿದು ಕೇಳುವ ಗಿರಾಕಿಯ ಗಾಡಿಗೆ ಕೆಲಸವೂ ಅಚ್ಚುಕಟ್ಟಾಗಿ ಆಗುತ್ತದೆ.

ಕೊನೆಯದಾಗಿ, ತೆರೆಯ ಮೇಲೆ ಕೈಗಳು ಓಡಾಡುವಷ್ಟು ಬೇಗ ಈ ಕೆಲಸ ಮುಗಿಯುವುದಿಲ್ಲ. ಒಂದು ರಜಾದಿನವನ್ನೇ ಇದಕ್ಕೆ ಮೀಸಲಿಡಿ. ಕಬ್ಬಿನ ಹಂಗಾಮು ಶುರುವಾಗಿ ರಸ್ತೆಗಳಲ್ಲಿ ಟ್ರ್ಯಾಕ್ಟರುಗಳ ಸಾಲು, ಧೂಳು ತುಂಬುವ ಮುನ್ನವೇ ಮುಗಿಸಿದರೆ ಇನ್ನೂ ಒಳ್ಳೆಯದು. ಬದಲಿಸಿದ ತಾರೀಖು, ಕಿಲೋಮೀಟರ್ ಬರೆದ ಚೀಟಿಯನ್ನು ಬಾನೆಟ್ಟಿನ ಒಳಬದಿಗೆ ಅಂಟಿಸಿ. ಮುಂದೆ ಆ ಗಾಡಿ ನಿಮ್ಮ ಮಗನದಾಗಲಿ, ಕೊಂಡವರದಾಗಲಿ, ಆ ಚೀಟಿ ಅವರನ್ನು ಕಾಯುತ್ತದೆ.