ಮೀನಿನ ತೊಟ್ಟಿ ನಾರುವುದೇಕೆ?

ಹುಬ್ಬಳ್ಳಿಯ ವಿದ್ಯಾನಗರದಲ್ಲಿರುವ ಮಿತ್ರರೊಬ್ಬರ ಪಡಸಾಲೆಯಲ್ಲಿ ಎರಡು ಅಡಿ ಉದ್ದದ ಗಾಜಿನ ತೊಟ್ಟಿಯೊಂದಿದೆ. ಒಂಬತ್ತು ವರ್ಷದ ಮಗಳ ಹಟಕ್ಕೆ ಸೋತು ಅವರು ಅದನ್ನು ತಂದು, ಆರು ಚಿನ್ನದ ಮೀನುಗಳನ್ನು ಬಿಟ್ಟಿದ್ದರು. ಮೊದಲ ಎರಡು ತಿಂಗಳು ಮನೆಗೆ ಬಂದ ಅತಿಥಿಗಳು ಚಹ ಆರಿಹೋಗುವುದನ್ನೂ ಲೆಕ್ಕಿಸದೆ ಆ ಮೀನುಗಳ ವಿಲಾಸವನ್ನು ನೋಡುತ್ತ ಕುಳಿತಿರುತ್ತಿದ್ದರು. ಯುಗಾದಿ ಕಳೆದು ಬಿಸಿಲು ಬಲಿತಂತೆ ಅವರ ಕಣ್ಣಿಗಿಂತ ಮೂಗಿಗೇ ಹೆಚ್ಚು ಕೆಲಸವಾಯಿತು. ಒಂದು ದಿನ ದೇವರ ಮನೆಯಿಂದ ಹೊರಬಂದ ಅಜ್ಜಿ ಸೆರಗನ್ನು ಮೂಗಿಗೆ ಹಿಡಿದು ಮಗನಿಗೆ ಹೇಳಿಯೇ ಬಿಟ್ಟರು: “ಏ ತಮ್ಮಾ, ಮನಿ ತುಂಬ ನಾತ. ಇವನ್ನ ಒಯ್ದು ಉಣಕಲ್ ಕೆರ್ಯಾಗ ಬಿಟ್ಟು ಬಾ.”

ಮಗಳು ಅತ್ತಳು. ತಂದೆ ಬೇರೊಂದು ಉಪಾಯ ಹೂಡಿದರು. ಅವರ ಓಣಿಗೆ ನಳದ ನೀರು ಕೆಲವು ದಿನಗಳಿಗೊಮ್ಮೆ ಮಾತ್ರ ಬರುತ್ತದೆ. ನಳ ಬಂದ ದಿನ ಅವರು ತೊಟ್ಟಿಯ ನೀರನ್ನೆಲ್ಲ ಚೆಲ್ಲಿ, ಗಾಜನ್ನು ಸಾಬೂನಿನ ಪುಡಿಯಿಂದ ತಿಕ್ಕಿ, ಮರಳನ್ನು ಬಿಸಿನೀರಿನಲ್ಲಿ ತೊಳೆದು, ನಳದಿಂದಲೇ ನೇರವಾಗಿ ಹೊಸ ನೀರು ತುಂಬಿದರು. ಸಂಜೆಗೆ ತೊಟ್ಟಿ ಫಳಫಳ ಹೊಳೆಯುತ್ತಿತ್ತು. ವಾಸನೆಯ ಸುಳಿವೂ ಇರಲಿಲ್ಲ. ಆದರೆ ಮರುದಿನ ಬೆಳಗಾಗುವಷ್ಟರಲ್ಲಿ ಮೂರು ಮೀನುಗಳು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಮಗಳು ಎರಡು ದಿನ ತಂದೆಯೊಡನೆ ಮಾತನಾಡಲಿಲ್ಲ. ಇಷ್ಟಾದರೂ ಹದಿನೈದು ದಿನ ತುಂಬುವ ಮೊದಲೇ ದುರ್ಗಂಧ ಮರಳಿ ಬಂದಿತು!

ಇಷ್ಟು ಶ್ರಮಪಟ್ಟು ಶುಚಿ ಮಾಡಿದವರಿಗೆ ಇಂಥ ಫಲವೇಕೆ? ಮೀನು ಸಾಕುವ ಅನೇಕ ಮನೆಗಳಲ್ಲಿ ನಡೆಯುವ ಸಂಗತಿಯಾದ್ದರಿಂದ ಇದನ್ನು ಕೊಂಚ ವಿಚಾರಿಸಿ ನೋಡುವುದು ಒಳ್ಳೆಯದು.

ಕಣ್ಣಿಗೆ ಕಾಣದ ಜಾಡಮಾಲಿಗಳು

ಮನೆಯಲ್ಲಿ ಮೀನು ಸಾಕುವ ಈ ವಿದ್ಯೆಯ ಚರಿತ್ರೆ ಆರಂಭವಾಗುವುದೇ ಕೆಟ್ಟ ನೀರಿನಿಂದ. ರಾಬರ್ಟ್ ವಾರಿಂಗ್ಟನ್ ಎಂಬ ಲಂಡನ್ನಿನ ರಸಾಯನ ಶಾಸ್ತ್ರಜ್ಞನು ಗಾಜಿನ ಪಾತ್ರೆಯೊಂದರಲ್ಲಿ ಎರಡು ಚಿನ್ನದ ಮೀನುಗಳನ್ನೂ ಒಂದು ಜಲಸಸ್ಯವನ್ನೂ ಇಟ್ಟು ಪ್ರಯೋಗ ನಡೆಸಿದನು. ಗಿಡದ ಎಲೆಗಳು ಕೊಳೆತು ನೀರು ಕೆಡತೊಡಗಿತು. ಆಗ ಅವನು ಕೊಳದ ಬಸವನಹುಳುಗಳನ್ನು ತಂದು ಬಿಟ್ಟನು. ಅವು ಕೊಳೆತುದನ್ನು ತಿಂದವು, ನೀರು ತಿಳಿಯಾಯಿತು. ಈ ಪ್ರಯೋಗದ ವಿವರಗಳನ್ನು ಅವನು 1850ರಲ್ಲಿ ವಿದ್ವಾಂಸರ ಮುಂದಿಟ್ಟನು. 1853ರಲ್ಲಿ ಲಂಡನ್ನಿನ ಪ್ರಾಣಿಸಂಗ್ರಹಾಲಯದಲ್ಲಿ ಸಾರ್ವಜನಿಕರಿಗಾಗಿ ಮತ್ಸ್ಯಾಲಯ ತೆರೆಯಿತು. ನಮ್ಮ ಕಡೆಯವರು ಮುಂಬಯಿಗೆ ಹೋದಾಗ ತಪ್ಪದೆ ನೋಡಿ ಬರುತ್ತಿದ್ದ ತಾರಾಪೋರವಾಲಾ ಮತ್ಸ್ಯಾಲಯ ಆರಂಭವಾದದ್ದು 1951ರಲ್ಲಿ.

ಕುತೂಹಲದ ಸಂಗತಿಯೆಂದರೆ, ತಂದೆಯ ಕಣ್ಣಿಗೆ ಬೀಳದಿದ್ದ ಇನ್ನೊಂದು ರಹಸ್ಯವನ್ನು ಅರಸಿದವನು ಅದೇ ಹೆಸರಿನ ಮಗ. ಕೊಳೆತ ಪದಾರ್ಥದಿಂದ ಹುಟ್ಟುವ ಅಮೋನಿಯಾ ಮೊದಲು ನೈಟ್ರೈಟ್ ಆಗಿ, ಆಮೇಲೆ ನೈಟ್ರೇಟ್ ಆಗಿ ಮಾರ್ಪಡುವುದು ಎರಡು ಬಗೆಯ ಸೂಕ್ಷ್ಮಜೀವಿಗಳಿಂದ ಎಂದು ಕಿರಿಯ ವಾರಿಂಗ್ಟನ್ ತೋರಿಸಿದನು. ಆದರೆ ಆ ಜೀವಿಗಳನ್ನು ಬೇರ್ಪಡಿಸಿ ಹಿಡಿಯಲು ಅವನಿಗೆ ಸಾಧ್ಯವಾಗಲಿಲ್ಲ. 1890ರ ಸುಮಾರಿಗೆ ವಿನೊಗ್ರಾಡ್‌ಸ್ಕಿ ಎಂಬ ರಷ್ಯದ ವಿಜ್ಞಾನಿ ಆ ಕಾರ್ಯವನ್ನು ಸಾಧಿಸಿದನು.

ಈ ಸೂಕ್ಷ್ಮಜೀವಿಗಳೇ ತೊಟ್ಟಿಯ ಜಾಡಮಾಲಿಗಳು. ಮೀನುಗಳು ಹೊರಹಾಕುವ ಅಮೋನಿಯಾ ಮೀನಿಗೇ ವಿಷ. ನೈಟ್ರೈಟ್ ಕೂಡ ವಿಷವೇ. ಕೊನೆಗೆ ಉಳಿಯುವ ನೈಟ್ರೇಟ್ ಮಾತ್ರ ಮಿತಿಯಲ್ಲಿದ್ದರೆ ಅಷ್ಟು ಅಪಾಯಕಾರಿಯಲ್ಲ. ಗಿಡಗಳು ಅದನ್ನು ಗೊಬ್ಬರವಾಗಿ ಹೀರಿಕೊಳ್ಳುತ್ತವೆ. ಈ ಜೀವಿಗಳು ನೀರಿನಲ್ಲಿ ತೇಲಿಕೊಂಡಿರುವುದಕ್ಕಿಂತ ಹೆಚ್ಚಾಗಿ ಮರಳು, ಕಲ್ಲು ಮತ್ತು ಫಿಲ್ಟರಿನ ಸ್ಪಂಜಿಗೆ ಅಂಟಿಕೊಂಡು ಬಾಳುತ್ತವೆ. ಹೊಸ ತೊಟ್ಟಿಯಲ್ಲಿ ಅವು ನೆಲೆಯೂರಲು ನಾಲ್ಕರಿಂದ ಆರು ವಾರಗಳಾದರೂ ಬೇಕು. ನಮ್ಮ ಮಿತ್ರರು ಕೊಳೆಯೊಡನೆ ತೊಳೆದು ಚೆಲ್ಲಿದ್ದು ಇವುಗಳನ್ನೇ! ಅಳಿದುಳಿದವುಗಳನ್ನು ನಳದ ನೀರಿನ ಕ್ಲೋರಿನ್ ಕೊಂದಿತು. ಅದೇ ಕ್ಲೋರಿನ್, ಸಾಬೂನಿನ ಅಂಶ, ನೀರಿನ ತಾಪದಲ್ಲಾದ ಹಠಾತ್ ವ್ಯತ್ಯಾಸ — ಇವೆಲ್ಲ ಸೇರಿದ ಮೇಲೆ ಮೀನುಗಳು ಬದುಕುವುದೆಂತು?

ವಾಸನೆಯ ಭಾಷೆ

ಆದ್ದರಿಂದ ದುರ್ಗಂಧ ಬಂದೊಡನೆ ಬಕೀಟು ಹಿಡಿಯುವ ಮೊದಲು ಅದು ಯಾವ ಬಗೆಯ ಗಂಧವೆಂಬುದನ್ನು ಗುರುತಿಸಬೇಕು.

ಮೊದಲ ಮಳೆಗೆ ನೆನೆದ ಎರೆಮಣ್ಣಿನಂಥ ಸೌಮ್ಯ ವಾಸನೆ ಬಂದರೆ ಭಯಪಡಬೇಕಾಗಿಲ್ಲ. ಅದು ಆರೋಗ್ಯವಂತ ತೊಟ್ಟಿಯ ಲಕ್ಷಣ. ಮಣ್ಣಿನಲ್ಲೂ ನೀರಿನಲ್ಲೂ ಇರುವ ಕೆಲವು ಸೂಕ್ಷ್ಮಜೀವಿಗಳು ತಯಾರಿಸುವ ಈ ದ್ರವ್ಯಕ್ಕೆ 1965ರಲ್ಲಿ ‘ಜಿಯೋಸ್ಮಿನ್’ ಎಂದು ಹೆಸರಿಟ್ಟರು.

ಕೊಳೆತ ಮೊಟ್ಟೆಯ ವಾಸನೆಯಾದರೆ ಮರಳಿನ ತಳವನ್ನು ನೋಡಿರಿ. ಮರಳಿನ ಪದರ ದಪ್ಪನಾಗಿದ್ದು ಗಾಳಿಯಾಡದೆ ಹೋದಲ್ಲಿ ಬೇರೊಂದು ಜಾತಿಯ ಸೂಕ್ಷ್ಮಜೀವಿಗಳು ಬೆಳೆದು ಹೈಡ್ರೋಜನ್ ಸಲ್ಫೈಡ್ ಅನಿಲವನ್ನು ಹುಟ್ಟಿಸುತ್ತವೆ. ಅಂಥ ಕಡೆ ಮರಳು ಕಪ್ಪಾಗಿರುತ್ತದೆ. ಈ ಅನಿಲ ಮೀನುಗಳಿಗೆ ವಿಷವಾದ್ದರಿಂದ ಮರಳನ್ನು ಒಮ್ಮೆಗೇ ಕೆದಕಬಾರದು. ವಾರಕ್ಕೊಂದು ಮೂಲೆಯಂತೆ ಸಣ್ಣ ರಬ್ಬರು ಕೊಳವೆಯಿಂದ ಕೊಳೆಯನ್ನು ಹೀರಿ ತೆಗೆಯಬೇಕು. ಮರಳು ಒಂದೆರಡು ಅಂಗುಲ ದಪ್ಪವಿದ್ದರೆ ಸಾಕು.

ಹೆಣ ಕೊಳೆತಂಥ ನಾತವಾದರೆ ಮೀನುಗಳನ್ನು ಎಣಿಸಿರಿ. ಕಲ್ಲಿನ ಸಂದಿಯಲ್ಲೋ ಫಿಲ್ಟರಿನ ಹಿಂದೋ ಸತ್ತ ಮೀನು ಅಥವಾ ಬಸವನಹುಳು ಸಿಕ್ಕಿಕೊಂಡಿರಬಹುದು. ಜೌಗು ನೆಲದ ವಾಸನೆಯೊಡನೆ ನೀಲಿಹಸಿರು ಬಣ್ಣದ ಲೋಳೆ ಪದರ ಕಂಡರೆ ಅದನ್ನು ಕೈಯಿಂದಲೇ ಎತ್ತಿ ತೆಗೆದು, ಆಹಾರವನ್ನೂ ಬೆಳಕನ್ನೂ ಕಡಿಮೆ ಮಾಡಬೇಕು.

ಒಂದು ಎಚ್ಚರಿಕೆ: ಅಮೋನಿಯಾ ನಮ್ಮ ಮೂಗಿಗೆ ತಿಳಿಯುವ ಮುನ್ನವೇ ಮೀನಿಗೆ ಮಾರಕವಾಗಿರುತ್ತದೆ. ಮೀನುಗಳು ಮೇಲೆ ಬಂದು ಬಾಯಿ ತೆರೆಯುತ್ತಿದ್ದರೆ ವಾಸನೆಗಾಗಿ ಕಾಯದೆ ಕೂಡಲೇ ನೀರಿನ ಒಂದು ಪಾಲನ್ನು ಬದಲಿಸಿರಿ.

ವಾರಕ್ಕೊಂದು ಕೊಡ

ಹಾಗಾದರೆ ನಿತ್ಯದ ಪರಿಹಾರವೇನು? ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ ತೊಟ್ಟಿಯಲ್ಲಿ ಮರಳು ಕಲ್ಲುಗಳನ್ನು ಕಳೆದು ಸುಮಾರು 50 ಲೀಟರು ನೀರು ಹಿಡಿಯುತ್ತದೆ. ಅದರ ಕಾಲುಭಾಗವೆಂದರೆ ಹೆಚ್ಚು ಕಡಿಮೆ ಒಂದು ಕೊಡ. ವಾರಕ್ಕೊಮ್ಮೆ ತಳದ ಕೊಳೆಯೊಡನೆ ಒಂದು ಕೊಡ ನೀರು ತೆಗೆದು, ಒಂದು ಕೊಡ ಹೊಸ ನೀರು ಹಾಕಿದರಾಯಿತು. ಫಿಲ್ಟರಿನ ಸ್ಪಂಜನ್ನು ನಳದ ಕೆಳಗೆ ಹಿಡಿಯದೆ, ಹೊರತೆಗೆದ ಆ ನೀರಿನಲ್ಲೇ ಮೆಲ್ಲಗೆ ಹಿಂಡಬೇಕು. ಉಳಿದ ನೀರು ತುಳಸಿಗೂ ಮಲ್ಲಿಗೆಯ ಬಳ್ಳಿಗೂ ಉತ್ತಮ ಗೊಬ್ಬರ. ನೀರಿಗಾಗಿ ಕಾಯುವ ಊರಿನಲ್ಲಿ ಹನಿಯೂ ಪೋಲಾಗದು.

ಹೊಸ ನೀರಿನ ಬಗೆಗೆ ನಮ್ಮ ಊರಿಗೇ ವಿಶೇಷವಾಗಿ ಅನ್ವಯಿಸುವ ಮಾತೊಂದಿದೆ. ಹುಬ್ಬಳ್ಳಿ-ಧಾರವಾಡದ ಕೆಲವು ವಾರ್ಡುಗಳಿಗೆ 2008ರ ಸುಮಾರಿಗೆ ದಿನದ 24 ಗಂಟೆಯೂ ನೀರು ಬರತೊಡಗಿತು. ಆ ವಾರ್ಡುಗಳ ನೀರನ್ನು ಉಳಿದವುಗಳ ನೀರಿನೊಡನೆ ಹೋಲಿಸಿ, ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಸಂಶೋಧಕರು 2013 ಮತ್ತು 2014ರಲ್ಲಿ ಪ್ರಬಂಧಗಳನ್ನು ಪ್ರಕಟಿಸಿದರು. ಬಿಟ್ಟು ಬಿಟ್ಟು ಬರುವ ನೀರಿನಲ್ಲಿ ಕಲ್ಮಶ ಹೆಚ್ಚೆಂದೂ, ಬರಿದಾಗಿದ್ದ ಕೊಳವೆಯಲ್ಲಿ ಮತ್ತೆ ಹರಿಯುವ ಮೊದಲ ನೀರು ಹೆಚ್ಚು ಕದಡಿರುತ್ತದೆಂದೂ ಅವರು ಕಂಡರು. ಆದುದರಿಂದ ನಳ ಬಂದೊಡನೆ ಹರಿಯುವ ನೀರು ತೊಟ್ಟಿಗೆ ಬೇಡ. ಸ್ವಲ್ಪ ಹೊತ್ತು ಹರಿದು ತಿಳಿಯಾದ ಮೇಲೆ ಒಂದು ಕೊಡ ಹಿಡಿದು, ಅಗಲ ಬಾಯಿಯ ಪಾತ್ರೆಯಲ್ಲಿ ಒಂದು ಹಗಲು ಒಂದು ರಾತ್ರಿ ತೆರೆದಿಟ್ಟರೆ ಕ್ಲೋರಿನ್ ಬಹುಮಟ್ಟಿಗೆ ಹಾರಿಹೋಗುತ್ತದೆ. ಅವಸರವಿದ್ದವರಿಗೆ ಮೀನಿನ ಅಂಗಡಿಯಲ್ಲಿ ಕ್ಲೋರಿನ್ ನಿವಾರಕ ಸಿಗುತ್ತದೆ. ಅದರಲ್ಲಿ ಸಾಮಾನ್ಯವಾಗಿ ಇರುವುದು ಹಿಂದೆ ಛಾಯಾಚಿತ್ರಗಾರರು ಬಳಸುತ್ತಿದ್ದ ‘ಹೈಪೊ’ವೇ.

ಪ್ರೀತಿಯ ಅತಿರೇಕ

ಆದರೆ ದುರ್ಗಂಧದ ಮೊದಲ ಕಾರಣ ನೀರಲ್ಲ, ನಮ್ಮ ಪ್ರೀತಿ. ಬೆಳಿಗ್ಗೆ ಮಗಳು ಒಂದು ಚಿಟಿಕೆ ಆಹಾರ ಹಾಕುತ್ತಾಳೆ; ಮಧ್ಯಾಹ್ನ ತಾಯಿ ಇನ್ನೊಂದು ಚಿಟಿಕೆ; ಸಂಜೆ ಬಂದ ನೆರೆಮನೆಯ ಮಗು ಕೈಯಲ್ಲಿದ್ದ ಚುರಮುರಿಯನ್ನೇ ಉದುರಿಸುತ್ತದೆ. ತಿನ್ನದೆ ಉಳಿದದ್ದೆಲ್ಲ ಕೊಳೆಯುತ್ತದೆ. ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟನ್ನು ದಿನಕ್ಕೆ ಒಂದೆರಡು ಸಲ ಹಾಕಿದರೆ ಸಾಕು. ಬೆಳೆದ ಆರೋಗ್ಯವಂತ ಮೀನಿಗೆ ವಾರಕ್ಕೊಂದು ಉಪವಾಸದಿಂದ ಹಾನಿಯಿಲ್ಲ. ಏಕಾದಶಿ ನಮಗಷ್ಟೇ ಏಕೆ? ಮೇಲಾಗಿ ಚಿನ್ನದ ಮೀನು ಬಹಳ ಹೊಲಸು ಮಾಡುವ ಜಾತಿ. ನಮ್ಮ ಮಿತ್ರರ ತೊಟ್ಟಿಗೆ ಆರು ಎಂದೂ ಹೆಚ್ಚೇ.

ಬೇಸಿಗೆ ಇದಕ್ಕೆ ಕೂಡಿಕೊಳ್ಳುತ್ತದೆ. 20 ಡಿಗ್ರಿ ಸೆಲ್ಸಿಯಸ್ ತಾಪದ ಒಂದು ಲೀಟರು ನೀರು ಸುಮಾರು 9 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಟ್ಟುಕೊಂಡರೆ, 30 ಡಿಗ್ರಿಯಲ್ಲಿ ಅದು ಏಳೂವರೆಗೆ ಇಳಿಯುತ್ತದೆ. ಕೊಳೆಯುವಿಕೆ ಮಾತ್ರ ಚುರುಕಾಗುತ್ತದೆ. ವಿದ್ಯುತ್ತು ಹಲವು ಗಂಟೆ ಹೋದರೆ ಮುಚ್ಚಿದ ಫಿಲ್ಟರಿನೊಳಗಿನ ಜೀವಿಗಳು ಉಸಿರುಕಟ್ಟಿ ಸಾಯುತ್ತವೆ. ಆದ್ದರಿಂದ ಅದರಲ್ಲಿ ನಿಂತ ನೀರನ್ನು ಚೆಲ್ಲಿಯೇ ಮತ್ತೆ ಚಾಲೂ ಮಾಡತಕ್ಕದ್ದು.

ನಾತವನ್ನು ಮುಚ್ಚಲು ಊದಿನಕಡ್ಡಿ ಹಚ್ಚುವವರೂ ಸುಗಂಧ ಸಿಂಪಡಿಸುವವರೂ ಉಂಟು. ಗಾಳಿಯ ಪಂಪು ಕೋಣೆಯ ಗಾಳಿಯನ್ನೇ ನೀರಿಗೆ ತುಂಬುತ್ತದೆಂಬುದನ್ನು ಅವರು ಮರೆತಿರುತ್ತಾರೆ. ಸೊಳ್ಳೆಯ ಔಷಧಿಯಂತೂ ತೊಟ್ಟಿಯಿದ್ದ ಕೋಣೆಯಲ್ಲಿ ಕೂಡದು. ಫಿಲ್ಟರಿನಲ್ಲಿ ಸಕ್ರಿಯ ಇದ್ದಿಲು ಇಟ್ಟರೆ ವಾಸನೆ ಇಳಿಯುವುದು ನಿಜ. ಆದರೆ ಮೂಲವನ್ನು ತೆಗೆಯದಿದ್ದರೆ ಅದು ತಾತ್ಕಾಲಿಕ ಉಪಶಮನ ಮಾತ್ರ.

ಕೆರೆಗೆ ಬಿಡಬಹುದೆ?

ಅಜ್ಜಿಯ ಸಲಹೆ ಮಾತ್ರ ಸರ್ವಥಾ ಸಲ್ಲದು. ಪರದೇಶದ ಮೀನುಗಳು ಕೆರೆ ಸೇರಿದರೆ ಅಲ್ಲಿಯ ಮೀನುಗಳ ಅನ್ನಕ್ಕೆ ಸಂಚಕಾರ. ಗಾಜಿನ ಪಾಚಿ ತಿನ್ನಲೆಂದು ತಂದ ಸಕ್ಕರ್ ಮೀನು ಹೀಗೆಯೇ ತೊಟ್ಟಿಗಳಿಂದ ತಪ್ಪಿಸಿಕೊಂಡು ಭಾರತದ ಅನೇಕ ಕೆರೆನದಿಗಳಲ್ಲಿ ಬೇರೂರಿದೆ. ಅಲ್ಲದೆ ಚರಂಡಿಯ ನೀರು ಸೇರಿ, ಅಂತರಗಂಗೆ ಹಬ್ಬಿ, ಉಣಕಲ್ ಕೆರೆಯೇ ನಾರಿದ ದಿನಗಳನ್ನು ಹುಬ್ಬಳ್ಳಿಯವರು ಕಂಡಿದ್ದಾರೆ. ಕೆರೆಯಾಗಲಿ ತೊಟ್ಟಿಯಾಗಲಿ, ಜೀರ್ಣಿಸಿಕೊಳ್ಳುವ ಶಕ್ತಿಗೆ ಮೀರಿ ಕೊಳೆ ಸುರಿದರೆ ಫಲ ಒಂದೇ.

ನಮ್ಮ ಮಿತ್ರರ ಮನೆಯಲ್ಲಿ ಉಳಿದ ಮೂರು ಮೀನುಗಳು ಈಗ ಸುಖವಾಗಿವೆ. ವಾಸನೆ ಒಂದೇ ದಿನಕ್ಕೆ ಹೋಗಲಿಲ್ಲ. ಆಹಾರ ತಗ್ಗಿಸಿ, ಕೊಡ ಕೊಡವಾಗಿ ನೀರು ಬದಲಿಸಿ, ಎರಡು ತಿಂಗಳು ತಾಳ್ಮೆಯಿಂದ ಕಾಯಬೇಕಾಯಿತು. ರವಿವಾರದ ಕೊಡ ಈಗ ಮಗಳ ಪಾಲಿನ ಕೆಲಸ. ಮೊನ್ನೆ ನಾವು ಹೋದಾಗ ಅವಳು ಆಹಾರದ ಡಬ್ಬಿಗೆ ಕೈ ಹಾಕಿದ್ದೇ ತಡ, ಒಳಗಿನಿಂದ ಅಜ್ಜಿಯ ಧ್ವನಿ ಕೇಳಿಸಿತು: “ಸಾಕ್ ಬಿಡವಾ, ಮುಂಜಾನೆ ನಾನ ಹಾಕೇನಿ!”